ಒಂಬತ್ತೂವರೆ ಅಡಿಯ ಮಾಳಿಗೆ

ಕಳೆದ ವಾರ ಎದುರು ಮನೆಯವರು ಹೊಸ ಗೇಟು ತರಿಸಿದರು. ಕಬ್ಬಿಣಕ್ಕೆ ತುಕ್ಕು ಹಿಡಿಯದಿರಲೆಂದು ಬಣ್ಣಕ್ಕಿಂತ ಮೊದಲು ರೆಡ್ ಆಕ್ಸೈಡ್ ಬಳಿಯುತ್ತಾರಲ್ಲ, ಇಟ್ಟಿಗೆ ಕೆಂಪಿನ ಆ ದಪ್ಪ ಪೇಂಟು, ಅದರ ವಾಸನೆ ಸೇಡಂನ ಬಿಸಿಲಿನಲ್ಲಿ ರಸ್ತೆ ದಾಟಿ ನನ್ನ ಅಡುಗೆಮನೆಯವರೆಗೂ ಬಂತು. ಭಾಂಡೆ ತೊಳೆಯುತ್ತಿದ್ದ ಕಾಶಿಬಾಯಿ ಸೆರಗಿನಿಂದ ಮೂಗು ಮುಚ್ಚಿಕೊಂಡು ಕಿಟಕಿ ಹಾಕಲು ಎದ್ದಳು. ಬೇಡ, ತೆಗೆದೇ ಇರಲಿ ಎಂದೆ. "ತಲಿ ನೋಯ್ತದ್ರಿ," ಎಂದಳು. ನೋಯುವುದು ನಿಜ. ಆದರೆ ಆ ವಾಸನೆ ಬಂದಾಗಲೆಲ್ಲ ನನಗೆ ತೆಂಗಳಿಯ ಒಂದು ಅರ್ಧ ಕಟ್ಟಿದ ಮನೆ, ಒಬ್ಬ ಎತ್ತರದ ಮನುಷ್ಯನ ಬಿಳಿ ರುಮಾಲು, ಮತ್ತು ನನ್ನ ಕೈಯಾರೆ ನಾನೇ ಬರೆದ ಒಂದು ತಪ್ಪು, ಮೂರೂ ಒಟ್ಟಿಗೆ ಕಣ್ಣ ಮುಂದೆ ಬರುತ್ತವೆ.

ಎರಡು ಸಾವಿರದ ಇಸವಿ ದಾಟಿ ಎರಡು ಮೂರು ವರ್ಷವಾಗಿತ್ತು. ನಾನು ಆಗಷ್ಟೇ ರಿಟೈರ್ ಆಗಿದ್ದೆ. ಮೂವತ್ತೆರಡು ವರ್ಷ ವಾಡಿಯ ಒಂದು ಕಾನ್ವೆಂಟ್ ಶಾಲೆಯಲ್ಲಿ ಇಂಗ್ಲಿಷ್ ಕಲಿಸಿದವಳು. ಬೆಳಿಗ್ಗೆ ಸೇಡಂನಲ್ಲಿ ಪ್ಯಾಸೆಂಜರ್ ಹತ್ತಿ, ಚಿತ್ತಾಪುರ ದಾಟಿ ವಾಡಿಯಲ್ಲಿ ಇಳಿದು, ಸಂಜೆ ಅದೇ ಹಳಿಯ ಮೇಲೆ ವಾಪಸು. ನಾನು ಓದಿದ್ದೂ ಕಾನ್ವೆಂಟಿನಲ್ಲೇ, ಹೈದರಾಬಾದಿನ ಬೋರ್ಡಿಂಗಿನಲ್ಲಿ. ನಮ್ಮಂಥ ವೈಷ್ಣವರ ಮನೆಯ ಹುಡುಗಿಯನ್ನು ಸಿಸ್ಟರ್‌ಗಳ ಕೈಗೆ ಕೊಟ್ಟದ್ದಕ್ಕೆ ನಮ್ಮಪ್ಪನನ್ನು ಊರವರು ವರ್ಷಗಟ್ಟಲೆ ಆಡಿಕೊಂಡರು. ಆ ಸಿಸ್ಟರ್‌ಗಳಿಂದ ನಾನು ಕಲಿತು, ಮುಂದೆ ನನ್ನ ಶಾಲೆಯ ಮಕ್ಕಳಿಗೆ ಕಲಿಸಿದ ಮುಖ್ಯ ವಿದ್ಯೆ ಒಂದೇ: ಒಂದು ಪುಟದಲ್ಲಿ ಒಂದೇ ಶಬ್ದ ಎರಡು ಸಲ ಬರಬಾರದು. ಬಂದರೆ ಒಂದನ್ನು ಹೊಡೆದುಹಾಕು. ಬ್ಯಾಡ್ ಸ್ಟೈಲ್. ಎಷ್ಟು ನೋಟ್‌ಬುಕ್ಕುಗಳಲ್ಲಿ ಕೆಂಪು ಇಂಕಿನಿಂದ ಹಾಗೆ ಹೊಡೆದಿದ್ದೇನೋ, ದೇವರಿಗೇ ಗೊತ್ತು.

ರಿಟೈರ್ ಆದ ಮೇಲೆ ಮನೆಯಲ್ಲಿ ಸುಮ್ಮನೆ ಕೂರುವ ಯೋಗ ಬರಲಿಲ್ಲ. ವಾಡಿಯಲ್ಲಿ ನನ್ನ ವಿದ್ಯಾರ್ಥಿನಿಯಾಗಿದ್ದ ಸವಿತಾ, ರೈಲ್ವೆ ಗ್ಯಾಂಗ್‌ಮನ್ ಒಬ್ಬರ ಮಗಳು, ಸಿವಿಲ್ ಡಿಪ್ಲೊಮಾ ಮುಗಿಸಿ ನಾಲ್ಕಾರು ವರ್ಷ ಕಲಬುರಗಿಯಲ್ಲಿ ಯಾರದೋ ಕೈಕೆಳಗೆ ಕೆಲಸ ಮಾಡಿ, ಸೇಡಂಗೆ ಬಂದು ನನ್ನ ಮನೆಯ ಮುಂದಿನ ಕೋಣೆಯಲ್ಲಿ ಸ್ವಂತ ಆಫೀಸು ಇಟ್ಟಳು. ಒಂದು ಕಂಪ್ಯೂಟರು, ಒಂದು ಪ್ರಿಂಟರು, ಕರೆಂಟು ಹೋದಾಗ ಕುಂಯ್ ಕುಂಯ್ ಎನ್ನುವ ಯುಪಿಎಸ್. ಬಾಗಿಲ ಮೇಲೆ "ಇಲ್ಲಿ ಮನೆ ನಕ್ಷೆ ತೆಗೆದುಕೊಡಲಾಗುವುದು" ಎಂಬ ಬೋರ್ಡು. ಬಂದವರು ಒಳಗೆ ಇಣುಕಿ, ಅವಳನ್ನು ನೋಡಿ, "ಇಂಜಿನಿಯರ್ ಸಾಹೇಬ್ರು ಎಲ್ಲ್ಯಾರ?" ಎಂದು ಕೇಳುತ್ತಿದ್ದರು. "ನಾನೇ ಸಾಹೇಬ, ಕುಂದ್ರಿ," ಎನ್ನುತ್ತಿದ್ದಳು. ಕೆಲವರು ಕೂರುತ್ತಿದ್ದರು, ಕೆಲವರು ಚಹಾ ಕುಡಿದು ಎದ್ದು ಹೋಗುತ್ತಿದ್ದರು.

ಕಲಬುರಗಿಯಿಂದ ಅವಳು ಒಂದು ಸಿಡಿ ತಂದಿದ್ದಳು. ಮನೆಯ ನಕ್ಷೆ ತೆಗೆಯುವ ಪ್ರೋಗ್ರಾಮು, ಅಮೆರಿಕದ್ದು. ಗೋಡೆ ಎಳೆದರೆ ಮನೆಯನ್ನು ನಿಲ್ಲಿಸಿ, ತಿರುಗಿಸಿ, ಒಳಹೊಕ್ಕು ತೋರಿಸುತ್ತಿತ್ತು. ಆದರೆ ಅದರ ಹೆಲ್ಪ್ ಎಲ್ಲ ಉದ್ದುದ್ದ ಇಂಗ್ಲಿಷ್. "ಮಿಸ್, ಇದು ನಿಮ್ಮ ಡಿಪಾರ್ಟ್‌ಮೆಂಟ್," ಎಂದು ಸವಿತಾ ನನಗೊಂದು ಕುರ್ಚಿ ಹಾಕಿದಳು. ಮಧ್ಯಾಹ್ನ ಊಟವಾದ ಮೇಲೆ ನಾನು ಓದುವುದು, ಅವಳು ಒತ್ತುವುದು. ಹೀಗೆ ಅರವತ್ತರ ಹತ್ತಿರದಲ್ಲಿ ನಾನು ಕಂಪ್ಯೂಟರಿನಲ್ಲಿ ಮನೆ ಕಟ್ಟಲು ಕಲಿತೆ.

ಆ ಪ್ರೋಗ್ರಾಮಿಗೆ ಗೊತ್ತಿದ್ದದ್ದು ಹಿಮ ಬೀಳುವ ಊರಿನ ಮನೆ. ನಾಲ್ಕು ಗೋಡೆ ಮುಚ್ಚಿಕೊಂಡ ಕೂಡಲೇ ನಮ್ಮನ್ನು ಒಂದು ಮಾತೂ ಕೇಳದೆ ಮೇಲೊಂದು ಇಳಿಜಾರು ಛಾವಣಿ ಹೇರಿಬಿಡುತ್ತಿತ್ತು. ಒಂದು ದಿನ ಇಸ್ಮಾಯಿಲ್ ಗೌಂಡಿ ಏನೋ ಕೆಲಸಕ್ಕೆ ಬಂದವನು ಅದನ್ನು ನೋಡಿದ. ಸೇಡಂ ಸುತ್ತಲಿನ ಹಳ್ಳಿಗಳಲ್ಲಿ ಕಲ್ಲಿನ ಗೋಡೆ ಕಟ್ಟುವುದರಲ್ಲಿ ಅವನ ಹೆಸರು ದೊಡ್ಡದು. ಸ್ಕ್ರೀನಿನ ಹತ್ತಿರ ಮುಖ ತಂದು, ಗಡ್ಡ ಕೆರೆದುಕೊಂಡು, "ಇದ್ರ ಮ್ಯಾಲ ಮಂದಿ ಮಕ್ಕೊಂಡ್ರ ಉಳ್ಳಿಕೋತ ಗಲ್ಲಿಗಿ ಬಂದು ಬೀಳ್ತಾರಲ್ರೀ! ಸಂಡಗಿ ಎಲ್ಲಿ ಒಣಗಿಸ್ತೀರಿ ಬಾಯಿ?" ಎಂದು ಕೇಳಿದ. ಸವಿತಾ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಮೂರು ದಿನ ಹುಡುಕಿದ ಮೇಲೆ ನಮಗೆ ಆ ಇಳಿಜಾರನ್ನು ಸೊನ್ನೆ ಮಾಡುವ ಜಾಗ ಸಿಕ್ಕಿತು. ಸೊನ್ನೆ ಒತ್ತಿದ್ದೇ ತಡ, ಸ್ಕ್ರೀನಿನ ಮೇಲೆ ನಮ್ಮೂರಿನ ಮನೆ ಚಪ್ಪಟೆ ತಲೆಯಿಂದ ನಿಂತಿತು.

ಎತ್ತರದ ಪಾಠ ಅದಕ್ಕಿಂತ ಕಷ್ಟದ್ದು. ಪ್ರೋಗ್ರಾಮು ಎರಡು ಎತ್ತರ ಕೇಳುತ್ತಿತ್ತು. ಸೀಲಿಂಗ್ ಹೈಟ್ ಎಂದರೆ ಒಳಗೆ ನೆಲದಿಂದ ತಲೆಯ ಮೇಲಿನವರೆಗೆ. ರೂಫ್ ಹೈಟ್ ಎಂದರೆ ಹೊರಗೆ ಭೂಮಿಯಿಂದ ಮನೆಯ ನೆತ್ತಿಯವರೆಗೆ. ನಾವೇನೂ ತುಂಬದಿದ್ದರೆ ಸೀಲಿಂಗಿಗೆ ತಾನೇ ಎಂಟು ಅಡಿ ಹಾಕಿಕೊಳ್ಳುತ್ತಿತ್ತು. ಅದಕ್ಕೆ ಡಿಫಾಲ್ಟ್ ಎಂದು ಹೆಸರು. ಸೀಲಿಂಗ್ ಏರಿಸಿದರೆ ರೂಫ್ ತಾನಾಗಿ ಮೇಲೇರುತ್ತದೆ, ಆದರೆ ರೂಫನ್ನು ಹಿಡಿದು ಜಗ್ಗಿದರೆ ಸೀಲಿಂಗ್ ಇದ್ದಲ್ಲೇ ಇರುತ್ತದೆ, ನಡುವೆ ಸುಮ್ಮನೆ ಪೊಳ್ಳು ಬೆಳೆಯುತ್ತದೆ. ನಾನು ಹೆಲ್ಪ್ ಓದಿ ಇದನ್ನು ವಿವರಿಸಿದಾಗ ಸವಿತಾ, "ಅಂದ್ರ ಮೊದಲು ಒಳಗಿನ ಮನಷ್ಯಾ, ಆಮ್ಯಾಲ ಮಾಳಿಗಿ. ಬರೋಬರಿ ಅದ ಮಿಸ್," ಎಂದಳು. ವೆಲ್ ಸೆಡ್ ಎಂದೆ, ಹಳೆಯ ಚಾಳಿಯಿಂದ.

ಆ ಬೇಸಿಗೆಯಲ್ಲೇ ಸುಶೀಲಾ ಬಂದದ್ದು. ಕಾಳಗಿಯ ದವಾಖಾನೆಯಲ್ಲಿ ನರ್ಸ್, ತೆಂಗಳಿಯ ಬೌದ್ಧ ಮನೆತನದವಳು. ತೆಂಗಳಿಯಲ್ಲಿ ಹೊಸ ಮನೆ ಕಟ್ಟಿಸಬೇಕು, ಜೂನ್ ಮೊದಲಿಗೆ ಹಿಡಿಯುವ ಮಿರಗದ ಮಳೆಗೆ ಮೊದಲು ಮಾಳಿಗೆ ಮುಚ್ಚಬೇಕು, ಅಷ್ಟರವರೆಗೆ ರಜೆ ಹಾಕಿದ್ದೇನೆ ಎಂದಳು. ಜೊತೆಗೆ ಅವಳ ತಂದೆ ಅಂಬಾರಾಯ. ಶಹಾಬಾದಿನ ಖಣಿಗಳಲ್ಲಿ ಮೂವತ್ತು ವರ್ಷ ಫರಸಿ ಕಲ್ಲು, ನೆಲಕ್ಕೂ ಮಾಳಿಗೆಗೂ ಹಾಸುವ ಚಪ್ಪಡಿ, ಎಬ್ಬಿಸಿದವರು. ಆರಡಿ ಎರಡಿಂಚು ಎತ್ತರ, ತೆಳ್ಳಗೆ, ತಲೆಗೆ ಬೆಳ್ಳನೆಯ ರುಮಾಲು. ನಮ್ಮ ತಲೆಬಾಗಿಲು ಹಳೇ ಕಾಲದ್ದು, ಐದೂವರೆ ಅಡಿ ಇದ್ದೀತು. ಅವರು ಅದರೊಳಗೆ ಬರುವಾಗ ನಾನು, "ಸಾವಕಾಶ, ತಲಿ ಬಡೀತದ," ಎಂದೆ.

"ಬಡಿಯಂಗಿಲ್ರಿ ಟೀಚರಬಾಯಿ. ಎಲ್ಲಾ ಬಾಗಲದ ಅಳತಿ ಈ ನಡಕ್ಕ ಗೊತ್ತದ," ಎನ್ನುತ್ತ ಸರಿಯಾಗಿ ಎಷ್ಟು ಬೇಕೋ ಅಷ್ಟೇ ಬಗ್ಗಿ ಒಳಗೆ ಬಂದು ನೆಟ್ಟಗಾದರು. ಬಾಗಿಲನ್ನು ಇನ್ನೊಮ್ಮೆ ತಿರುಗಿ ನೋಡಿ ನಕ್ಕರು. "ನಮ್ಮ ಓಣ್ಯಾಗಷ್ಟೇ ಬಾಗಲಾ ಗಿಡ್ಡ ಅಂತ ತಿಳಕೊಂಡಿದ್ದೆ. ನಿಮ್ದೂ ಹಂಗೇ ಅದಲ್ಲ!"

ಬಂದವರು ದೇವರ ಮನೆಯ ಕಡೆ ತಲೆ ಬಾಗಿಸಿ ಬರಲೆಂದು ಹಾಗೆ ಇಟ್ಟದ್ದು ಎಂದು ನಮ್ಮಜ್ಜ ಹೇಳುತ್ತಿದ್ದರು. ಅಂಬಾರಾಯರಿಗೆ ಆ ಕಾರಣ ಹೇಳಲು ನನಗೆ ಬಾಯಿ ಬರಲಿಲ್ಲ. ಅಜ್ಜನ ಕಾಲದಲ್ಲಿ ಅವರಂಥವರು ಆ ಬಾಗಿಲವರೆಗೂ ಬರುವಂತಿರಲಿಲ್ಲ.

ಸವಿತಾ ಕೋಣೆ ಎಷ್ಟು, ಅಡುಗೆಮನೆ ಯಾವ ಕಡೆ ಎಂದೆಲ್ಲ ಕೇಳಿ ಮುಗಿಸಿ, ಸ್ಕ್ರೀನಿನಲ್ಲಿ ಎತ್ತರ ತುಂಬುವ ಡಬ್ಬಿಯ ಮೇಲೆ ಬಾಣ ಇಟ್ಟು, "ಎಷ್ಟು ಎತ್ತರ ಇರ್ಲಿ ಕಾಕಾ?" ಎಂದಳು.

"ನಮಗೇನ್ ತಿಳೀತದವ್ವಾ. ಎಲ್ಲಾರ ಮನಿ ಇದ್ದಂಗ ಇರ್ಲಿ."

"ಎಲ್ಲಾರ ಮನಿ ಇದ್ದಂಗ ಬ್ಯಾಡ," ಎಂದಳು ಸುಶೀಲಾ. ಅಲ್ಲಿಯವರೆಗೆ ಮೆತ್ತಗೆ ಮಾತಾಡುತ್ತಿದ್ದವಳು. "ನಮ್ಮಪ್ಪ ಮನಿ ಒಳಗ ನಿಂತು ರುಮಾಲ ಸುತ್ತಿಕೋಬೇಕು. ಅಷ್ಟು ಎತ್ತರ ಹಾಕ್ರಿ."

ನಮಗಿಬ್ಬರಿಗೂ ತಕ್ಷಣ ತಿಳಿಯಲಿಲ್ಲ. ಅವಳೇ ಬಿಡಿಸಿ ಹೇಳಿದಳು. ರುಮಾಲು ಸುತ್ತುವಾಗ ಬಟ್ಟೆಯ ತುದಿಯನ್ನು ತಲೆಯ ಮೇಲಿಂದ ಬೀಸಿ ಆ ಕಡೆ ಹಾಕಬೇಕು, ಕೈ ಪೂರ್ತಿ ಮೇಲೆ ಹೋಗುತ್ತದೆ. ಅವರ ಹಳೆಯ ಮನೆಯಲ್ಲಿ ತಂದೆ ನೆಟ್ಟಗೆ ನಿಂತರೇ ನೆತ್ತಿಗೆ ಕಟ್ಟಿಗೆ ತಾಗುತ್ತದೆ. ಹಾಗಾಗಿ ಹುಟ್ಟಿದಾಗಿನಿಂದ ಅವರು ರುಮಾಲು ಸುತ್ತಿಕೊಂಡದ್ದೆಲ್ಲ ಅಂಗಳದಲ್ಲಿ. ಮದುವೆಯ ದಿನವೂ ಅಂಗಳದಲ್ಲೇ. ಕನ್ನಡಿಯಿಲ್ಲ. ಹೋಗುವ ಬರುವವರೇ ಕನ್ನಡಿ. "ಎಡಕ್ಕ ಸರಕೊಂಡದ ನೋಡೋ" ಎಂದು ಅವರು ಹೇಳಬೇಕು, ಇವರು ಸರಿಮಾಡಿಕೊಳ್ಳಬೇಕು.

"ಅಂಗಳಕ್ಕ ಏನಾಗ್ಯದವ್ವಾ?" ಎಂದರು ಅಂಬಾರಾಯ.

"ಮಳಿ ಬಂದ್ರ?"

"ಮಳಿ ಬಂದ್ರ ಎಲ್ಲಿಗಿ ಹೋಗ್ತೀನಿ ನಾ, ರುಮಾಲ ಸುತ್ತಿಕೊಂಡು?"

"ನಲವತ್ತು ವರ್ಷ ಮಂದಿ ಮನಿಗಿ ನೆಲಾ ಕಡದು ಕೊಟ್ಟೀದಿ, ಮಾಳಿಗಿ ಕಡದು ಕೊಟ್ಟೀದಿ. ನಿನಗೊಂದು ಮಾಳಿಗಿ ಬ್ಯಾಡೇನು?" ಎಂದು ಸುಶೀಲಾ ಮುಖ ಆ ಕಡೆ ತಿರುಗಿಸಿದಳು. ಮೂವತ್ತನ್ನು ಅವಳು ನಲವತ್ತು ಮಾಡಿದ್ದಳು. ಯಾರೂ ತಿದ್ದಲಿಲ್ಲ.

ಸವಿತಾ ಅವರನ್ನು ನಮ್ಮ ಹಿತ್ತಲಿಗೆ ಕರೆದುಕೊಂಡು ಹೋಗಿ ರುಮಾಲು ಬಿಚ್ಚಿಸಿದಳು. ಅವರು ನಾಚಿಕೊಂಡೇ ಸುತ್ತಿದರು. ಕೈ ಎಷ್ಟು ಎತ್ತರ ಹೋಗುತ್ತದೆಂದು ಅವಳು ಪಕ್ಕದ ಗೋಡೆಯ ಮೇಲೆ ಸೀಮೆಸುಣ್ಣದಿಂದ ಗುರುತು ಹಾಕಿ ಟೇಪು ಹಿಡಿದಳು. ಎಂಟು ಅಡಿ ಒಂದು ಇಂಚು. ಅಮೆರಿಕದ ಡಿಫಾಲ್ಟಿಗಿಂತ ಒಂದು ಇಂಚು ಹೆಚ್ಚು. ಸೆಖೆಗೆ, ಫ್ಯಾನಿಗೆ ಎಂದು ಇನ್ನಷ್ಟು ಸೇರಿಸಿ ಒಂಬತ್ತೂವರೆ ಅಡಿ ಎಂದು ತೀರ್ಮಾನವಾಯಿತು. ಡಬ್ಬಿಯಲ್ಲಿ ಅದನ್ನು ತುಂಬಿದ್ದು ನಾನೇ. ಗೋಡೆಗಳು ಮೇಲೆದ್ದವು, ಅವುಗಳ ಜೊತೆ ರೂಫೂ ಏರಿ, ಕೆಳಗಿನ ಎರಡು ಅಡಿ ಕಟ್ಟೆ, ಮೇಲಿನ ಒಂದೂವರೆ ಅಡಿ ದಪ್ಪ ಸೇರಿ, ಭೂಮಿಯಿಂದ ಹದಿಮೂರು ಅಡಿಗೆ ಹೋಗಿ ನಿಂತಿತು. ಅಂಬಾರಾಯ ಸ್ಕ್ರೀನು ನೋಡುತ್ತ, "ಒಳಗ ಮಂದಿ ಇಲ್ಲೇನ್ರಿ?" ಎಂದು ಕೇಳಿದರು. ಪ್ರೋಗ್ರಾಮಿನಲ್ಲಿ ಮನುಷ್ಯರ ಬೊಂಬೆಗಳಿದ್ದವು. ಸವಿತಾ ಒಂದನ್ನು ತಂದು ಒಳಗೆ ನಿಲ್ಲಿಸಿದಳು. ಸೂಟು ಹಾಕಿದ ಬಿಳಿಯ. "ಇವ್ನೇ ಇರ್ಲಿ ಬಿಡವ್ವಾ, ಮನಿ ಕಾಯ್ತಾನ," ಎಂದರು.

ನಕ್ಷೆ ತೆಗೆದುಕೊಂಡು ಹೋಗಲು ಇಸ್ಮಾಯಿಲ್ ಬಂದ ದಿನ ಸವಿತಾ ಊರಲ್ಲಿರಲಿಲ್ಲ. ಚಿಂಚೋಳಿಯಲ್ಲಿ ಒಂದು ಕಂಪೌಂಡಿನ ಅಳತೆಗೆ ಹೋಗಿದ್ದಳು. ಪ್ರಿಂಟು ತೆಗೆದು ನನ್ನ ಟೇಬಲ್ಲಿನ ಮೇಲೆ ಇಟ್ಟಿದ್ದಳು. ಅಕ್ಷರಗಳೆಲ್ಲ ಇಂಗ್ಲಿಷಿನವು. "ಬಾಯಿ, ನನಗ ಕನ್ನಡದಾಗ ಬರಕೊಡ್ರಿ, ಓದಿಕೊಂತೀನಿ," ಎಂದ ಇಸ್ಮಾಯಿಲ್. ಪೆನ್ನು ತೆಗೆದುಕೊಂಡೆ. ಕೈಗೆ ಸಿಕ್ಕಿದ್ದು ಕೆಂಪು ಪೆನ್ನೇ. ಬಾಗಿಲು, ಕಿಟಕಿ, ಕಟ್ಟೆ ಎಂದು ಒಂದೊಂದರ ಪಕ್ಕ ಬರೆಯುತ್ತ ಸೀಲಿಂಗ್ ಹೈಟಿಗೆ ಬಂದೆ.

ಸೀಲಿಂಗಿಗೆ ಏನನ್ನುವುದು? ನಮ್ಮ ಕಡೆ ತಲೆಯ ಮೇಲೆ ಇರುವುದು ಮಾಳಿಗಿ. "ಮಾಳಿಗಿ ಒಳಗ ಜೇಡ ಕಟ್ಟ್ಯದ" ಎನ್ನುತ್ತೇವೆ. "ಮಾಳಿಗಿ – ಒಂಬತ್ತೂವರೆ ಅಡಿ" ಎಂದು ಬರೆದೆ. ಅದರ ಕೆಳಗೇ ರೂಫ್ ಹೈಟ್, ಹದಿಮೂರು ಅಡಿ. ರೂಫಿಗೆ? ಅದೂ ಮಾಳಿಗಿಯೇ. "ಮಾಳಿಗಿ ಮ್ಯಾಲ ಹಾಸಗಿ ಹಾಕು" ಎನ್ನುತ್ತೇವೆ. ಒಂದೇ ಹಾಳೆಯಲ್ಲಿ, ಒಂದರ ಕೆಳಗೊಂದು, ಒಂದೇ ಶಬ್ದ, ಎರಡು ಬೇರೆ ಅಂಕಿ. ಗೌಂಡಿ ಗೊಂದಲ ಮಾಡಿಕೊಳ್ಳುತ್ತಾನೆ ಅನ್ನಿಸಿತು. ಮೂವತ್ತೆರಡು ವರ್ಷದ ಕೈ ತಾನಾಗಿ ಎದ್ದಿತು. ಎರಡನೆಯ ಸಾಲನ್ನು ಅಂಕಿಯ ಸಮೇತ ಹೊಡೆದುಹಾಕಿದೆ. ನೀಟಾಗಿ, ಸ್ಕೇಲು ಇಟ್ಟು.

ಇಸ್ಮಾಯಿಲ್ ಬೆರಳಿಟ್ಟು ಓದಿದ. "ಮಾಳಿಗಿ ಒಂಬತ್ತೂವರಿ. ಠೀಕ್ ಅದ," ಎಂದು ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಜೇಬಿನಲ್ಲಿಟ್ಟುಕೊಂಡ.

ಗೋಡೆ ಬೇಗ ಎದ್ದಿತು. ಗರ್ಡರ್ ಕೂರಿಸಿದ ಸುದ್ದಿ ಬಂದಾಗ ಸವಿತಾ, ನಾನು ಬಸ್ಸು ಹತ್ತಿ ತೆಂಗಳಿಗೆ ಹೋದೆವು. ವಾಡಿಯಿಂದ ತಂದ ಆರು ಕಬ್ಬಿಣದ ಗರ್ಡರುಗಳು ಗೋಡೆಯಿಂದ ಗೋಡೆಗೆ ಮಲಗಿದ್ದವು. ಅವುಗಳ ಮೇಲೆ ಫರಸಿ ಹಾಸಿ, ಮಣ್ಣು ಗಚ್ಚು ಹಾಕಿದರೆ ಮಾಳಿಗೆ ಮುಗಿಯಿತು. ಬೆಳಿಗ್ಗೆಯಷ್ಟೇ ಅವಕ್ಕೆ ರೆಡ್ ಆಕ್ಸೈಡ್ ಬಳಿದಿದ್ದರು. ಆ ವಾಸನೆಯೇ ಮನೆಯ ತುಂಬ. ನೆಲಕ್ಕೆ ಇನ್ನೂ ಬರೀ ಮುರುಮು ಮಣ್ಣು ತುಂಬಿದ್ದರು. ನಾನು ಒಳಗೆ ಹೋಗಿ ಮೇಲೆ ನೋಡಿದೆ. ಏನೋ ಇಕ್ಕಟ್ಟು ಅನ್ನಿಸಿತು. ಕಟ್ಟುತ್ತಿರುವ ಮನೆ ಯಾವಾಗಲೂ ಸಣ್ಣದಾಗಿಯೇ ಕಾಣುತ್ತದೆ ಎಂದು ಸವಿತಾ ಹಿಂದೊಮ್ಮೆ ಹೇಳಿದ್ದಳು. ಅದೇ ಇರಬೇಕೆಂದುಕೊಂಡೆ.

"ಅಪ್ಪಾ, ಟೀಚರಿಗಿ ಒಮ್ಮೆ ಸುತ್ತಿ ತೋರಸು," ಎಂದಳು ಸುಶೀಲಾ. ಅವಳ ಮುಖದಲ್ಲಿ ಹಬ್ಬವಿತ್ತು. ಅಕ್ಕಪಕ್ಕದ ಐದಾರು ಮಂದಿ ಬಾಗಿಲಲ್ಲಿ ನಿಂತರು. ಅಂಬಾರಾಯ "ಇದೇನ್ ನಾಟಕಾನವ್ವಾ" ಎನ್ನುತ್ತಲೇ ರುಮಾಲು ಬಿಚ್ಚಿ, ಜಾಡಿಸಿ, ಒಂದು ತುದಿಯನ್ನು ಹಲ್ಲಿನಲ್ಲಿ ಹಿಡಿದು, ಇನ್ನೊಂದನ್ನು ಬೀಸಿ ಮೇಲೆತ್ತಿದರು.

ಟಿಣ್ ಎಂದಿತು. ಅವರ ಬೆರಳಿನ ಬೆಳ್ಳಿಯ ಉಂಗುರ ಗರ್ಡರಿಗೆ ಬಡಿದ ಸದ್ದು. ನಾಲ್ಕು ಬೆರಳು ಹಸಿ ಪೇಂಟಿನ ಮೇಲೆ ಜಾರಿ ನಾಲ್ಕು ಗೆರೆ ಎಳೆದವು. ಬಟ್ಟೆಯ ತುದಿಗೆ ಕೆಂಪು ಮೆತ್ತಿಕೊಂಡಿತು.

ಅವರು ಕೈ ಇಳಿಸಿ ಬೆರಳು ನೋಡಿಕೊಂಡರು. ಆಮೇಲೆ ಮೇಲೆ ನೋಡಿದರು. ಆಮೇಲೆ ಮಗಳನ್ನು ನೋಡಿ, ಬೇಗ ಬೇಗ, "ಇರ್ಲಿ ಬಿಡವ್ವಾ. ಹೊರಗ ಸುತ್ತಿಕೊಂತೀನಿ. ರೂಢಿ ಅದ," ಎಂದರು. ಎಂದವರೇ ಹೊರಗೆ ಹೋಗಿ, ಅಂಗಳದ ಬಿಸಿಲಿನಲ್ಲಿ ನಿಂತು ರುಮಾಲು ಸುತ್ತಿಕೊಂಡರು, ಕೆಂಪಾದ ತುದಿ ಒಳಗೆ ಹೋಗುವಂತೆ.

ಸವಿತಾ ಟೇಪು ಹಿಡಿದಳು. ಗರ್ಡರಿನ ಕೆಳಗೆ ಸರಿಯಾಗಿ ಎಂಟು ಅಡಿ. ಇಸ್ಮಾಯಿಲ್ ಜೇಬಿನಿಂದ ಹಾಳೆ ತೆಗೆದ. "ನೋಡ್ರಿ, ಮಾಳಿಗಿ ಒಂಬತ್ತೂವರಿ ಅಂತ ಬರ್ದದ. ಕಟ್ಟಿಯಿಂದ ಮಾಳಿಗಿ ಮ್ಯಾಲಿನ ತನಾ ಒಂಬತ್ತೂವರಿ ಹಿಡದೀನಿ. ಗರ್ಡರ್, ಫರಸಿ, ಮಣ್ಣು, ಗಚ್ಚು, ಒಂದೂವರಿ ಅದ್ರಾಗ ಹೋತು."

"ಮ್ಯಾಲಿನ ತನಾ ಯಾಕ ಹಿಡದ್ರಿ ಭಾಯ್?" ಎಂದಳು ಸವಿತಾ.

"ಮಾಳಿಗಿ ಅಂದ್ರ ಮಕ್ಕೊಳ್ಳೋ ಜಾಗಾ ಅಲ್ಲೇನವ್ವಾ? ಬ್ಯಾಸಗ್ಯಾಗ ಅದ್ರ ತೆಳಗ ಯಾರ್ ಮಕ್ಕೋತಾರ? ಒಳಗಿಂದು ಬೇಕಿದ್ರ 'ತೊಲಿ ತೆಳಗ' ಅಂತ ಬರೀತಾರ. ನಾವ್ ಹಂಗೇ ಕೇಳ್ತೀವಿ, ತೊಲಿ ತೆಳಗ ಎಷ್ಟು ಅಂತ." ಅವನಿಗೇ ಪಾಪ ಅನ್ನಿಸಿತೋ ಏನೋ, ದನಿ ಇಳಿಸಿ, "ಕಂಪ್ಯೂಟರಿಗೇನ್ ಗೊತ್ತಾಗ್ತದ ಬಿಡ್ರಿ, ಅದೇನ್ ಮಾಳಿಗಿ ಮ್ಯಾಲ ಮಕ್ಕೊಂಡದೇನು?" ಎಂದ.

ಬಾಗಿಲಲ್ಲಿ ನಿಂತವರು ನಕ್ಕರು. ಒಬ್ಬಾತ, "ಹೆಣ್ಣುಡುಗಿ ನಕ್ಷಾ, ಟಿವಿದಾಗ ನೋಡ್ಲಿಕ್ಕ ಛಂದ," ಎಂದದ್ದು ಎಲ್ಲರಿಗೂ ಕೇಳಿಸಿತು.

ಸವಿತಾ ಇಸ್ಮಾಯಿಲನ ಕೈಯಿಂದ ಹಾಳೆ ತೆಗೆದುಕೊಂಡು ನೋಡಿದಳು. ಕೆಂಪು ಅಕ್ಷರ, ಸ್ಕೇಲು ಇಟ್ಟು ಹೊಡೆದ ಗೆರೆ. ಅದನ್ನು ಮಡಚಿ ತನ್ನ ಬ್ಯಾಗಿನಲ್ಲಿ ಹಾಕಿಕೊಂಡು, "ತಪ್ಪು ನಮ್ಮ ಆಫೀಸಿಂದು. ಏನ್ ಮಾಡಬೇಕಂತ ನಾಳೆ ಹೇಳ್ತೀನಿ," ಎಂದಳು. ಸುಶೀಲಾ ಗರ್ಡರಿನ ಮೇಲಿನ ನಾಲ್ಕು ಗೆರೆಗಳನ್ನೇ ನೋಡುತ್ತಿದ್ದಳು.

ಆಗ ನಾನು ಹೇಳಬೇಕಿತ್ತು. ಎರಡೇ ಮಾತು: ಬರೆದವಳು ನಾನು. ಇಂಗ್ಲಿಷಿನಲ್ಲಾದರೂ ಹೇಳಬಹುದಿತ್ತು. ಹೇಳಲಿಲ್ಲ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತು ಸೇಡಂವರೆಗೂ ತೊಗರಿ ಹೊಲಗಳ ಒಣ ಮಣ್ಣನ್ನು ನೋಡಿದೆ.

ಬೆಳಿಗ್ಗೆ ಅವಳು ಆಫೀಸಿನ ಬಾಗಿಲು ತೆಗೆಯುವುದನ್ನೇ ಕಾದಿದ್ದು ಒಳಗೆ ಹೋದೆ. "ಸವಿತಾ, ಆ ಹಾಳೆ..." ಎಂದೆ.

"ಗೊತ್ತದ ಮಿಸ್. ನಿಮ್ಮ ಕೆಂಪು ಇಂಕು ನನಗ ಗೊತ್ತಿಲ್ಲೇನು? ಹತ್ತು ವರ್ಷ ಅದ್ರಾಗೇ ಮಿಂದೀನಿ."

"ಮತ್ತ ನಿನ್ನೆ ಯಾಕ ಹೇಳ್ಲಿಲ್ಲ?"

"ನೀವ್ ಹೇಳ್ತೀರೇನೋ ಅಂತ ನೋಡ್ಲಿಕತ್ತಿದ್ದೆ," ಎಂದಳು. ಕಂಪ್ಯೂಟರ್ ಶುರುಮಾಡುತ್ತ, ನನ್ನ ಕಡೆ ನೋಡದೆ. "ಒಂದ್ ಸ್ಪೆಲ್ಲಿಂಗ್ ತಪ್ಪಿದ್ದಕ್ಕ ನನ್ನ ಬೆಂಚಿನ ಮ್ಯಾಲ ನಿಲ್ಲಿಸಿದ್ರಿ, ನೆನಪದ ಏನ್ರಿ? 'ಸೆಪರೇಟ್' ಅಂತ ಸ್ಪೆಲ್ಲಿಂಗು. ಇಡೀ ಪೀರಿಯಡ್."

ನೆನಪಿರಲಿಲ್ಲ. ಅದನ್ನೂ ಒಪ್ಪಿಕೊಂಡೆ. ಆಮೇಲೆ, "ಬಾ, ತೆಂಗಳಿಗಿ ಹೋಗೋಣು. ನಾನೇ ಹೇಳ್ತೀನಿ," ಎಂದೆ.

ನಾವು ಹೋಗಿ ಇಳಿಯುವಷ್ಟರಲ್ಲಿ ಹೊತ್ತು ನೆತ್ತಿಗೇರಿತ್ತು. ಇಸ್ಮಾಯಿಲ್ ಕೆಲಸ ನಿಲ್ಲಿಸಿರಲಿಲ್ಲ. ಅಂಬಾರಾಯರೇ, "ಹಾಕು ಮಾರಾಯಾ, ಮಿರಗ ಬಂತು," ಎಂದಿದ್ದರಂತೆ. ಎರಡು ಗರ್ಡರುಗಳ ನಡುವೆ ಫರಸಿ ಕೂತುಬಿಟ್ಟಿತ್ತು. ಕೆಲಸದವರು, ನಿನ್ನೆಯ ಅದೇ ಅಕ್ಕಪಕ್ಕದವರು, ಎಲ್ಲರ ಎದುರು ನಿಂತು ಹೇಳಿದೆ. ಕಂಪ್ಯೂಟರಿನ ತಪ್ಪಲ್ಲ, ಸವಿತಾಳದ್ದಲ್ಲ, ಅವಳ ನಕ್ಷೆಯಲ್ಲಿ ಎರಡು ಅಂಕಿಯೂ ಸರಿಯಾಗಿದ್ದವು, ಕನ್ನಡದಲ್ಲಿ ಬರೆದವಳು ನಾನು, ಒಂದನ್ನು ಹೊಡೆದುಹಾಕಿದವಳೂ ನಾನು. ಕ್ಲಾಸಿನಲ್ಲಿ ಬೆಂಚಿನ ಮೇಲೆ ನಿಂತವರಿಗೆ ಹೇಗಿರುತ್ತದೆಂದು ಅವತ್ತು ಗೊತ್ತಾಯಿತು.

"ಅಯ್ಯ ಬಾಯಿ, ಇಷ್ಟಕ್ಕ ಬಿಸಲಾಗ ಬಂದ್ರೇನು?" ಎಂದು ಇಸ್ಮಾಯಿಲ್ ತಲೆಗೆ ಕಟ್ಟಿದ್ದ ಟವೆಲ್ಲು ಬಿಚ್ಚಿ ಮುಖ ಒರೆಸಿಕೊಂಡ. ಅಂಬಾರಾಯ, "ಟೀಚರಬಾಯೇ ತಪ್ಪು ಮಾಡ್ಯಾರಂದ್ರ ನಮ್ಮ ತಪ್ಪೆಲ್ಲಾ ಮಾಫ್ ಆದ್ವು," ಎಂದು ನಕ್ಕರು.

ಸುಶೀಲಾ ನಗಲಿಲ್ಲ. "ಟೀಚರ್, ಇದು ನಿನ್ನೆನೇ ಹೇಳಿದ್ರ ಇವತ್ತಿನ ದಿನ ಉಳೀತಿತ್ತು," ಎಂದಳು. ಸಿಟ್ಟಿನಿಂದಲ್ಲ. ರೋಗಿಗೆ ಜ್ವರ ಎಷ್ಟಿದೆ ಎಂದು ಹೇಳುವ ದನಿಯಲ್ಲಿ.

ಮಳೆಗೆ ಉಳಿದದ್ದು ಹತ್ತು ಹನ್ನೆರಡು ದಿನ. ಹಾಗೇ ಬಿಡುವುದೋ, ಇಳಿಸಿ ಮತ್ತೆ ಏರಿಸುವುದೋ? ಅಂಬಾರಾಯ "ಬ್ಯಾಡ" ಎನ್ನುತ್ತಲೇ ಇದ್ದರು. ಯಾರೋ ಮುರುಮು ತೆಗೆದು ನೆಲವನ್ನೇ ತಗ್ಗಿಸಿರಿ ಎಂದರು. ಸುಶೀಲಾ, "ಮನ್ಯಾಗ ಇಳದು ಹೋಗೋದು ಹಳೀ ಮನ್ಯಾಗ ಸಾಕಾಗ್ಯದ, ಇಲ್ಲಿ ಬ್ಯಾಡ," ಎಂದಳು. ಕೊನೆಗೆ ಮಾತಾಡಿದವನು ಇಸ್ಮಾಯಿಲ್. "ಗ್ವಾಡಿ ಮ್ಯಾಲ ಇನ್ನ ಮೂರು ಸಾಲು ಕಲ್ಲು ಏರಿಸ್ಬೇಕು. ಕಡದ ಕಲ್ಲು ಇಲ್ಲ, ಕಡಿಯೋರು ಯಾರೂ ಖಾಲಿ ಇಲ್ಲ. ಕಲ್ಲು ಬಂದ್ರ ನಾ ಕಟ್ಟಿಕೊಡ್ತೀನಿ."

ಅಂಬಾರಾಯ ಹಳೆಯ ಮನೆಯೊಳಗೆ ಬಗ್ಗಿ ಹೋಗಿ, ತಮ್ಮ ಉಳಿ ಸುತ್ತಿಗೆಯ ಚೀಲ ಹೊರಗೆ ತಂದು ಬೇವಿನ ನೆರಳಿನಲ್ಲಿ ಕುಳಿತರು. "ಮಂದಿಗಿ ಕಡದೀನಿ, ನನಗ ಕಡ್ಯಾಕ ಬರಂಗಿಲ್ಲೇನು?" ಎಂದು ಮೊದಲ ಕಲ್ಲಿಗೆ ಪೆಟ್ಟು ಹಾಕಿದರು.

ಮುಂದಿನ ಎಂಟು ದಿನ ನಾನು ತಪ್ಪದೆ ತೆಂಗಳಿಗೆ ಹೋದೆ. ಟೇಪಿನ ಇನ್ನೊಂದು ತುದಿ ಹಿಡಿಯುವುದು ನನ್ನ ಕೆಲಸ. ಹೊಸ ಹಾಳೆಯ ಮೇಲೆ ಇಸ್ಮಾಯಿಲ್ ಹೇಳಿದಂತೆ ಬರೆದೆ: ತೊಲಿ ತೆಳಗ ಒಂಬತ್ತೂವರೆ ಅಡಿ. ಹಾಸಿದ ಫರಸಿ ಇಳಿಸುವಾಗ ಒಂದು ಒಡೆಯಿತು. ಅದು ನನ್ನ ಆ ಒಂದು ದಿನದ ಮೌನದ ಫರಸಿ, ಮುಂದೆ ಅದನ್ನು ಬಾಗಿಲ ಮೆಟ್ಟಿಲಿಗೆ ಹಾಕಿದರು. ಗರ್ಡರುಗಳನ್ನು ಹಗ್ಗ ಕಟ್ಟಿ ಇಳಿಸಿ ಅಂಗಳದಲ್ಲಿ ಮಲಗಿಸಿದರು. ಅಂಬಾರಾಯ ಕಲ್ಲು ಕಡಿಯುತ್ತ ಖಣಿಯ ಮಾತು ಹೇಳುತ್ತಿದ್ದರು. ಶಹಾಬಾದಿನ ಕಲ್ಲು ಪುಸ್ತಕದ ಹಾಳೆಯಿದ್ದಂತೆ, ಸರಿಯಾದ ಸಂದು ನೋಡಿ ಉಳಿ ಇಟ್ಟರೆ ತಾನೇ ಬಿಚ್ಚಿಕೊಳ್ಳುತ್ತದೆ, ಜಾಗ ತಪ್ಪಿದರೆ ಪುಡಿ. "ನಿಮ್ಮ ಇಂಗ್ಲಿಷೂ ಹಂಗೇ ಏನ್ರಿ?" ಎಂದು ಕೇಳಿದರು. ಎಕ್ಸಾಕ್ಟ್ಲಿ ಎಂದೆ. ಏಳನೆಯ ದಿನ ಮಧ್ಯಾಹ್ನ ಗಾಳಿ ಎದ್ದು ದಪ್ಪ ಹನಿ ಬಿದ್ದವು. ಎಲ್ಲರೂ ಓಡಿ ಹಸಿ ಗೋಡೆಯ ಮೇಲೆ ತಾಡಪತ್ರಿ ಎಳೆದು, ನಾಲ್ಕು ಮೂಲೆಯಲ್ಲಿ ನಾಲ್ವರು ಹಿಡಿದು ನಿಂತೆವು. ಒಂದು ಮೂಲೆ ನನ್ನದು. ಸೀರೆ ಪೂರ್ತಿ ತೊಯ್ದಿತ್ತು. ಪಕ್ಕದ ಮೂಲೆಯಿಂದ ಸುಶೀಲಾ, "ಗಟ್ಟಿ ಹಿಡೀರಿ ಟೀಚರ್," ಎಂದು ಕೂಗಿದಳು. ಅವಳು ಮತ್ತೆ ನನ್ನ ಜೊತೆ ಮಾತಾಡಿದ್ದು ಆಗಲೇ.

ಮಿರಗಕ್ಕೆ ಎರಡು ದಿನ ಮೊದಲು ಮಾಳಿಗೆ ಮುಚ್ಚಿತು. ಮನೆ ಹೊಕ್ಕ ದಿನ ಬುದ್ಧನ ಪಟದ ಎದುರು ಮೇಣಬತ್ತಿ ಹಚ್ಚಿ, ಪಂಚಶೀಲ ಹೇಳಿದ ಮೇಲೆ ಅಂಬಾರಾಯ ಹೊಸ ಕನ್ನಡಿಯ ಮುಂದೆ ನಿಂತರು. ರುಮಾಲಿನ ತುದಿಯನ್ನು ಬೀಸಿ ಮೇಲೆತ್ತಿದರು. ಕೈ ಎಲ್ಲಿಗೂ ತಾಗಲಿಲ್ಲ. ಕನ್ನಡಿಯಲ್ಲಿ ನೋಡಿಕೊಳ್ಳುವ ರೂಢಿಯೇ ಇಲ್ಲದ್ದರಿಂದ ಕೈ ಎಡಬಲ ತಪ್ಪಿ ಮೂರು ಸಲ ಬಿಚ್ಚಿ ಕಟ್ಟಬೇಕಾಯಿತು. "ಈ ಕನ್ನಡಿ ಸುಳ್ಳ್ ಹೇಳ್ತದ," ಎಂದು ಬೈದರು. ಬಾಗಿಲು ಏಳು ಅಡಿಯದು. ಆದರೂ ಒಳಗೆ ಬರುವಾಗ ಬಗ್ಗಿಯೇ ಬರುತ್ತಿದ್ದರು, ಕೊನೆಯವರೆಗೂ.

ಸವಿತಾ ಆ ಪ್ರೋಗ್ರಾಮಿನ ಡಿಫಾಲ್ಟ್ ಬದಲಿಸಿದಳು. ಅದಾದ ಮೇಲೆ ಅವಳ ಕಂಪ್ಯೂಟರಿನಲ್ಲಿ ಯಾರ ಮನೆ ತೆರೆದರೂ ಸೀಲಿಂಗು ಒಂಬತ್ತೂವರೆಯಿಂದಲೇ ಶುರು. ಕೆಂಪು ಅಕ್ಷರದ ಹಾಳೆಯನ್ನು ನನಗೆ ಕೊಡೆಂದು ಕೇಳಿದೆ. "ಇಲ್ಲ ಮಿಸ್, ಅದು ಸೆಪರೇಟ್ ಫೈಲ್ನಾಗ ಅದ," ಎಂದಳು.

ಅಂಬಾರಾಯ ಹೋಗಿ ಈಗ ಬಹಳ ವರ್ಷವಾಯಿತು. ಹೋದ ವರ್ಷ ಸುಶೀಲಾ ರಿಟೈರ್ ಆದಳು, ಊಟಕ್ಕೆ ಕರೆದಳು. ಮನೆಗೆ ಹೊಸದಾಗಿ ಬಣ್ಣ ಹೊಡೆಸಿದ್ದಳು. ಗರ್ಡರುಗಳಿಗೆ ಬೂದು ಬಣ್ಣದ ಆಯಿಲ್ ಪೇಂಟ್. ಆದರೆ ಕನ್ನಡಿಯ ಮೇಲಿನ ಗರ್ಡರಿನಲ್ಲಿ ಗೇಣುದ್ದದ ಜಾಗ ಹಾಗೇ ಬಿಟ್ಟಿದ್ದಳು. ಹಳೆಯ ಕೆಂಪು, ಅದರೊಳಗೆ ನಾಲ್ಕು ಬೆರಳಿನ ಗೆರೆ, ಎಂಟು ಅಡಿಯಲ್ಲಿ ಬಿದ್ದದ್ದು ಈಗ ಒಂಬತ್ತೂವರೆಯ ಎತ್ತರದಲ್ಲಿ.

ಅವಳ ತಮ್ಮನ ಸೊಸೆ, ಮದುವೆಯಾಗಿ ಆರೇ ತಿಂಗಳಾದವಳು, ನನಗೆ ನೀರು ತಂದುಕೊಟ್ಟು, ನಾನು ಮೇಲೆ ನೋಡುವುದನ್ನು ನೋಡಿದಳು. "ಅತ್ತಿ, ಅವು ಮುತ್ಯಾನ ಬೆರಳಂತಲ್ಲ? ಕೆಳಗ ನಿಂತು ಅಷ್ಟು ಮ್ಯಾಲ ಹ್ಯಾಂಗ ಮುಟ್ಟಿತ್ರಿ ಕೈ?" ಎಂದು ಸುಶೀಲಾಳನ್ನು ಕೇಳಿದಳು.

"ನಮ್ಮಪ್ಪ ಅಷ್ಟು ಎತ್ತರ ಇದ್ದ," ಎಂದಳು ಸುಶೀಲಾ. ಎಂದು ನನ್ನ ಮುಖ ನೋಡಿದಳು.

ಹುಡುಗಿಯೂ ನನ್ನ ಕಡೆ ತಿರುಗಿದಳು. ಟೀಚರ್ ಅಲ್ಲವೇ, ಸರಿಯೋ ತಪ್ಪೋ ಹೇಳಬೇಕಾದವಳು.

"ಹೌದು," ಎಂದೆ. "ನಾ ನೋಡೀನಿ."